ಮುಖ ನೋಡಿ ಮಾಂಸಕ್ಕೆ ಮಣೆ

ಅಮೆರಿಕದ ಅಡುಗೆಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ‘ಜಾಯ್ ಆಫ್ ಕುಕಿಂಗ್’ ಪುಸ್ತಕ ಮೊದಲು ಅಚ್ಚಾದದ್ದು 1931ರಲ್ಲಿ. ಸೂಪು, ಕೇಕು, ಉಪ್ಪಿನಕಾಯಿ ಎಲ್ಲವನ್ನೂ ಕಲಿಸುವ ಈ ದಪ್ಪ ಪುಸ್ತಕದ ಹಳೆಯ ಆವೃತ್ತಿಗಳಲ್ಲಿ ಒಂದು ರೇಖಾಚಿತ್ರ ಇರುತ್ತಿತ್ತು. ಸತ್ತ ಅಳಿಲು, ಅದರ ಬಾಲವನ್ನು ನೆಲಕ್ಕೆ ಒತ್ತಿ ಹಿಡಿದ ಬೂಟುಗಾಲು, ಮೈಯನ್ನು ಮೇಲಕ್ಕೆ ಜಗ್ಗುತ್ತಿರುವ ಕೈಗಳು. ಬಾಲದ ಬುಡದಲ್ಲಿ ಚಾಕುವಿನಿಂದ ಗೀರಿ ಹೀಗೆ ಎಳೆದರೆ ಚರ್ಮ ಅಂಗಿ ಕಳಚಿದ ಹಾಗೆ ಬಂದುಬಿಡುತ್ತದೆ. ಸಂಸಾರ ನಡೆಸುವವರಿಗೆ ಇಷ್ಟು ಗೊತ್ತಿರಬೇಕು ಎಂಬ ಧಾಟಿಯ ಚಿತ್ರ ಅದು. ಮುಂದಿನ ಪರಿಷ್ಕರಣೆಗಳಲ್ಲಿ ಅದು ಸದ್ದಿಲ್ಲದೆ ಜಾಗ ಖಾಲಿ ಮಾಡಿತು. ಹಾಗಂತ ಅಮೆರಿಕದಲ್ಲಿ ಅಳಿಲುಗಳಿಗೇನೂ ಬರ ಬಂದಿರಲಿಲ್ಲ. ನ್ಯೂಜೆರ್ಸಿಯಲ್ಲಿರುವ ನಮ್ಮ ಕನ್ನಡಿಗರನ್ನು ಕೇಳಿ ನೋಡಿ, ಹಿತ್ತಲಲ್ಲಿ ಕಷ್ಟಪಟ್ಟು ಬೆಳೆಸಿದ ಟೊಮೆಟೊವನ್ನು ಒಂದೊಂದು ಕಚ್ಚಿ ಬಿಸಾಡುವ ಬೂದು ಅಳಿಲಿನ ಮೇಲೆ ಅವರಿಗಿರುವ ಸಿಟ್ಟು ಎಷ್ಟೆಂದು ತಿಳಿಯುತ್ತದೆ.

ಹಾಗಾದರೆ ಬದಲಾದದ್ದು ಏನು? ಕಾಡುಪ್ರಾಣಿಯ ಮಾಂಸದ ಬಗ್ಗೆ ಜನ ಆಡುವ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ, ಅಲ್ಲಿ ಪ್ರಾಣಿಗಿಂತ ಅದನ್ನು ತಿನ್ನುವವರ ಮಾತೇ ಜಾಸ್ತಿ ಇರುತ್ತದೆ. ಯಾರ ತಟ್ಟೆಯಲ್ಲಿದೆ ಎಂಬುದರ ಮೇಲೆ ಅದು ‘ಛೀ’ಯೋ ‘ಆಹಾ’ವೋ ಆಗುತ್ತದೆ.

ಅಮೆರಿಕದ ದಕ್ಷಿಣ ರಾಜ್ಯಗಳು, ಅಪಲೇಚಿಯನ್ ಬೆಟ್ಟಸೀಮೆ, ಆರ್ಕನ್ಸಾ, ಕೆಂಟಕಿ ಕಡೆ ಅಳಿಲು ಹಿಂದಿನಿಂದಲೂ ಊಟದ ಪದಾರ್ಥ. ಹಳ್ಳಿಯ ಹುಡುಗ ಮೊದಲ ಸಲ ಕೋವಿ ಹಿಡಿದರೆ ಗುರಿ ಇಡುವುದು ಅಳಿಲಿಗೇ. ಹಿಕರಿ ಕಾಯಿ, ಓಕ್ ಬೀಜ ತಿಂದು ಕೊಬ್ಬಿದ ಎಳೆಯ ಅಳಿಲನ್ನು ತುಂಡು ಮಾಡಿ, ಮೈದಾಹಿಟ್ಟಿನಲ್ಲಿ ಹೊರಳಿಸಿ ಹುರಿದು, ಅದೇ ಬಾಣಲೆಯ ಜಿಡ್ಡಿಗೆ ಹಾಲು ಸುರಿದು ಗ್ರೇವಿ ಮಾಡುತ್ತಾರೆ. ಮುದಿ ಅಳಿಲಾದರೆ ಗಂಟೆಗಟ್ಟಲೆ ಬೇಯಬೇಕು. ಒಂದರಲ್ಲಿ ಸಿಗುವ ಮಾಂಸ ಒಬ್ಬರಿಗೂ ಸಾಲದು, ಅದರಲ್ಲೂ ಅಗಿಯುವಾಗ ಸಣ್ಣ ಸೀಸದ ಗುಂಡು ಹಲ್ಲಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು. ತಲೆಯನ್ನೂ ಬಿಡುತ್ತಿರಲಿಲ್ಲ. ಬುರುಡೆ ಒಡೆದು ಮಿದುಳನ್ನು ಮೊಟ್ಟೆಯ ಜೊತೆ ಕಲಸಿ ಹುರಿಯುವುದು ಕೆಲವು ಮನೆಗಳಲ್ಲಿ ಹಿರಿಯರಿಗೆ ಮೀಸಲಾದ ರುಚಿ.

‘ಬ್ರನ್ಸ್‌ವಿಕ್ ಸ್ಟೂ’ ಎಂಬ ಅಲ್ಲಿನ ಪ್ರಸಿದ್ಧ ಸಾರಿನ ಹುಟ್ಟು ಕೂಡ ಅಳಿಲಿನದೇ. ವರ್ಜೀನಿಯಾದ ಬ್ರನ್ಸ್‌ವಿಕ್ ಕೌಂಟಿಯವರು ಹೇಳುವ ಪ್ರಕಾರ 1828ರಲ್ಲಿ ಒಡೆಯರು ಬೇಟೆಗೆ ಹೋಗಿದ್ದಾಗ ಬಿಡಾರದಲ್ಲಿ ಉಳಿದ ಜಿಮ್ಮಿ ಮ್ಯಾಥ್ಯೂಸ್ ಎಂಬ ಗುಲಾಮ ಅಡುಗೆಯವ ಅಳಿಲು, ಈರುಳ್ಳಿ, ಹಳಸಿದ ಬ್ರೆಡ್ಡು ಹಾಕಿ ಇದನ್ನು ಕುದಿಸಿದ. ಜಾರ್ಜಿಯಾದ ಬ್ರನ್ಸ್‌ವಿಕ್ ಊರಿನವರು ಇದನ್ನು ಒಪ್ಪುವುದಿಲ್ಲ, ಮೊದಲು ಮಾಡಿದ್ದು ತಾವು ಎನ್ನುತ್ತಾರೆ. ಮೈಸೂರು ಪಾಕಿನ ಜಗಳ ಕಂಡವರಿಗೆ ಇದೇನೂ ಹೊಸದಲ್ಲ. ತಮಾಷೆ ಎಂದರೆ ಎರಡೂ ಕಡೆಯವರು ಇವತ್ತು ಆ ಸಾರಿಗೆ ಹಾಕುವುದು ಕೋಳಿಯನ್ನೋ ಹಂದಿಯನ್ನೋ. ಸಾರಿನ ಹಿರಿಮೆ ಬೇಕು, ಅಳಿಲು ಬೇಡ.

ಏಕೆಂದರೆ ಅಷ್ಟರಲ್ಲಿ ಅಳಿಲು ಬಡವರ, ಬೆಟ್ಟದ ಗಮಾರರ ಊಟ ಎಂಬ ಮುದ್ರೆ ಬಿದ್ದಿತ್ತು. 1997ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಕೆಂಟಕಿಯ ವೈದ್ಯರ ಒಂದು ಪತ್ರ ಪ್ರಕಟವಾಯಿತು. ಮಿದುಳನ್ನು ತೂತು ತೂತು ಮಾಡಿ ಕೊಲ್ಲುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆಯ ಐವರು ರೋಗಿಗಳೂ ಅಳಿಲಿನ ಮಿದುಳು ತಿಂದವರಾಗಿದ್ದರು ಎಂಬುದು ಅದರ ಸಾರ. ಬ್ರಿಟನ್ನಿನ ಹುಚ್ಚು ಹಸು ರೋಗದ ಭಯ ಹಸಿಯಾಗಿದ್ದ ಕಾಲ. ಸುದ್ದಿ ದೇಶವೆಲ್ಲ ಹರಡಿತು. ಭಯಕ್ಕಿಂತ ನಗುವೇ ಹೆಚ್ಚಾಗಿತ್ತು, ನೋಡಿ ಇವರು ಏನೆಲ್ಲ ತಿನ್ನುತ್ತಾರೆ ಎಂದು. ಅಳಿಲುಗಳಿಗೆ ಅಂಥ ರೋಗ ಇದೆ ಎನ್ನುವುದಕ್ಕೆ ಆಮೇಲೆ ಪುರಾವೆ ಸಿಗಲಿಲ್ಲ. ಅದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. 2008ರಲ್ಲಿ ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಓಡಾಡುತ್ತಿದ್ದ ಆರ್ಕನ್ಸಾದ ಮಾಜಿ ಗವರ್ನರ್ ಮೈಕ್ ಹಕಬಿ, ಕಾಲೇಜು ಹಾಸ್ಟೆಲಿನಲ್ಲಿ ಪಾಪ್‌ಕಾರ್ನ್ ಮಾಡುವ ಯಂತ್ರದಲ್ಲಿ ಅಳಿಲು ಹುರಿದು ತಿನ್ನುತ್ತಿದ್ದೆವು ಎಂದು ಟಿವಿಯಲ್ಲಿ ಹೇಳಿಬಿಟ್ಟರು. ಹಳ್ಳಿಯವರಿಗೆ ಇವ ನಮ್ಮವ ಅನ್ನಿಸಿತು, ಪಟ್ಟಣದ ಹಾಸ್ಯಗಾರರಿಗೆ ವಾರಕ್ಕಾಗುವಷ್ಟು ಸರಕು ಸಿಕ್ಕಿತು.

ಈಗ ಅದೇ ಬೂದು ಅಳಿಲು ಅಟ್ಲಾಂಟಿಕ್ ದಾಟಿದಾಗ ಏನಾಯಿತು ನೋಡಿ. 1876ರಲ್ಲಿ ಇಂಗ್ಲೆಂಡಿನ ಚೆಷರ್‌ನ ಶ್ರೀಮಂತರೊಬ್ಬರು ತೋಟದ ಅಂದಕ್ಕೆಂದು ಅಮೆರಿಕದಿಂದ ಒಂದು ಜೋಡಿ ತಂದು ಬಿಟ್ಟರು. ಬೇರೆ ಸಿರಿವಂತರೂ ಅದನ್ನೇ ಮಾಡಿದರು. ಅವು ಹಬ್ಬಿದಂತೆಲ್ಲ ಅಲ್ಲಿನ ಮೂಲನಿವಾಸಿ ಕೆಂಪು ಅಳಿಲು ಹಿಂದೆ ಸರಿಯಿತು. ಬೂದು ಅಳಿಲು ಹೊತ್ತು ತರುವ ಸಿಡುಬಿನಂಥ ವೈರಸ್ ಅದಕ್ಕೆ ಏನೂ ಮಾಡುವುದಿಲ್ಲ, ಕೆಂಪಕ್ಕೆ ತಗಲಿದರೆ ಸಾವು. ಮೇಲಾಗಿ ಎಳೆಯ ಬೀಚ್, ಓಕ್ ಮರಗಳ ತೊಗಟೆಯನ್ನು ಇದು ಸುಲಿದು ಹಾಕುತ್ತದೆ. 1950ರ ದಶಕದಲ್ಲಿ ಸರ್ಕಾರ ಬಾಲಕ್ಕಿಷ್ಟು ಶಿಲ್ಲಿಂಗ್ ಎಂದು ಬಹುಮಾನ ಕೊಟ್ಟಿತು. ಬಾಲ ರಾಶಿ ಬಿತ್ತು, ಅಳಿಲು ಕಮ್ಮಿಯಾಗಲಿಲ್ಲ. ಇಂದು ಬ್ರಿಟನ್ನಿನಲ್ಲಿ ಬೂದು ಅಳಿಲು 25 ಲಕ್ಷಕ್ಕೂ ಮೇಲಿದೆ ಎಂಬ ಅಂದಾಜಿದೆ. ಕೆಂಪು ಅಳಿಲು ಉಳಿದಿರುವುದು ಬಹುಪಾಲು ಸ್ಕಾಟ್ಲೆಂಡಿನಲ್ಲಿ.

ಆಗ ಯಾರಿಗೋ ಹೊಳೆಯಿತು, ತಿಂದೇ ಮುಗಿಸೋಣ ಎಂದು. 2006ರಲ್ಲಿ ಮೇಲ್ಮನೆಯ ಸದಸ್ಯ ಲಾರ್ಡ್ ಇಂಗಲ್‌ವುಡ್, ಜೇಮಿ ಆಲಿವರ್ ಥರದ ಹೆಸರಾಂತ ಬಾಣಸಿಗರು ಬೂದು ಅಳಿಲಿನ ಅಡುಗೆಗೆ ಪ್ರಚಾರ ಕೊಡಬೇಕು ಎಂದು ಸಂಸತ್ತಿನಲ್ಲೇ ಕೇಳಿದರು. ಪಬ್ಬುಗಳ, ರೆಸ್ಟೊರೆಂಟುಗಳ ಪಟ್ಟಿಯಲ್ಲಿ ಅಳಿಲು ಕಾಣಿಸಿಕೊಂಡಿತು. ಬಣ್ಣನೆಯೂ ಬದಲಾಯಿತು: ಕೊಬ್ಬು ಕಡಿಮೆ, ಔಷಧಿ ಚುಚ್ಚಿಲ್ಲ, ಬೋನಿನಲ್ಲಿ ಬೆಳೆದದ್ದಲ್ಲ, ನಮ್ಮದೇ ಕಾಡಿನದು, ತಿಂದರೆ ಕೆಂಪು ಅಳಿಲಿಗೆ ಉಪಕಾರ ಬೇರೆ. ಕೆಂಟಕಿಯ ಬಡವ ತಲೆಮಾರುಗಟ್ಟಲೆ ತಿಂದಾಗ ಈ ಗುಣ ಒಂದೂ ಕಂಡಿರಲಿಲ್ಲ. 2010ರಲ್ಲಿ ಉತ್ತರ ಲಂಡನ್ನಿನ ಒಂದು ದಿನಸಿ ಅಂಗಡಿ ಅಳಿಲು ಮಾಂಸ ಮಾರಿದಾಗ ಪ್ರಾಣಿದಯೆಯ ಸಂಘದವರು ಪ್ರತಿಭಟಿಸಿದರು. ತಿಂದು ಮುಗಿಸುವ ಉಪಾಯದಲ್ಲಿ ಒಂದು ತೊಡಕೂ ಇದೆ. ಒಂದು ಪ್ರಾಣಿಗೆ ಮಾರುಕಟ್ಟೆ ಹುಟ್ಟಿದರೆ ಅದನ್ನು ಮುಗಿಸುವವರಿಗಿಂತ ಉಳಿಸಿಕೊಂಡು ಮಾರುವವರೇ ಹೆಚ್ಚಾಗುತ್ತಾರೆ.

ಮೊಲದ ಕತೆ ಇದರ ತಿರುವುಮುರುವು. ಇಂಗ್ಲೆಂಡಿನಲ್ಲಿ ಮೊಲ ಸರ್ವರ ಮಾಂಸವಾಗಿತ್ತು. 1902ರಲ್ಲಿ ಬಂದ ಬೀಟ್ರಿಕ್ಸ್ ಪಾಟರ್‌ಳ ‘ಪೀಟರ್ ರ‍್ಯಾಬಿಟ್’ ಮಕ್ಕಳ ಪುಸ್ತಕದಲ್ಲಿ ತಾಯಿಮೊಲ ಮರಿಗಳಿಗೆ ಬುದ್ಧಿ ಹೇಳುತ್ತದೆ, ಮೆಕ್‌ಗ್ರೆಗರ್‌ನ ತೋಟದ ಕಡೆ ಹೋಗಬೇಡಿ, ನಿಮ್ಮ ಅಪ್ಪ ಅಲ್ಲಿ ಕಡುಬಿನೊಳಗೆ ಹೂರಣವಾದ ಎಂದು. ನೀಲಿ ಕೋಟು ತೊಟ್ಟ ಮೊಲವನ್ನು ಮುದ್ದಿಸುತ್ತಲೇ ಸಂಜೆ ಮೊಲದ ಕಡುಬು ತಿನ್ನುವುದರಲ್ಲಿ ಅಂದಿನ ಮಕ್ಕಳಿಗೆ ಗೊಂದಲ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮಾಂಸಕ್ಕೆ ರೇಷನ್ ಬಂದಾಗ ಹಿತ್ತಲಲ್ಲಿ ಮೊಲ ಸಾಕಿ ಎಂದು ಸರ್ಕಾರವೇ ಉತ್ತೇಜಿಸಿತು.

1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯಕ್ಕೆ ಬಂತು. ಅದರ ಹಿಂದಿನ ವರ್ಷ ಫ್ರಾನ್ಸಿನ ನಿವೃತ್ತ ವೈದ್ಯನೊಬ್ಬ ತನ್ನ ಜಮೀನಿನ ಮೊಲಗಳ ಕಾಟ ತೀರಲಿ ಎಂದು ಅದನ್ನು ತರಿಸಿ ಬಿಟ್ಟಿದ್ದ. ಇಂಗ್ಲಿಷ್ ಕಡಲ್ಗಾಲುವೆ ದಾಟಿ ಇಂಗ್ಲೆಂಡಿಗೂ ಬಂದ ವೈರಸ್ ಒಂದೆರಡು ವರ್ಷದಲ್ಲೇ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮೊಲಗಳನ್ನು ಕೊಂದಿತು. ಲೆಕ್ಕಕ್ಕಿಂತ ಜನರ ಮನಸ್ಸಿನಲ್ಲಿ ಉಳಿದದ್ದು ಕಣ್ಣಿಗೆ ಬಿದ್ದ ದೃಶ್ಯ. ತಲೆ ಊದಿ, ರೆಪ್ಪೆ ಅಂಟಿ, ಕೀವು ಸೋರುತ್ತ, ಕುರುಡಾದ ಮೊಲಗಳು ರಸ್ತೆಯ ನಡುವೆ ಕುಳಿತಿರುತ್ತಿದ್ದವು. ಕಾರು ಬಂದರೂ ಏಳುತ್ತಿರಲಿಲ್ಲ. ಮನುಷ್ಯರಿಗೆ ಆ ರೋಗ ತಗಲುವುದಿಲ್ಲ ಎಂದು ಎಷ್ಟು ಹೇಳಿದರೂ ಮಾಂಸದಂಗಡಿಯ ಕೊಕ್ಕೆಗೆ ನೇತುಹಾಕಿದ ಮೊಲವನ್ನು ಕೊಳ್ಳುವ ಮನಸ್ಸು ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಅಗ್ಗದ ಫಾರಂ ಕೋಳಿ ಬಂತು. ಆ ಹೊತ್ತಿಗೆ ಮಕ್ಕಳ ಕೋಣೆ ಸೇರಿದ್ದ ಸಾಕುಮೊಲ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಕಾಲುವೆಯಾಚೆ ಫ್ರಾನ್ಸಿನಲ್ಲಿ ಅದೇ ರೋಗ ಹಬ್ಬಿತ್ತು, ಅಲ್ಲಿ ಇವತ್ತಿಗೂ ಸಾಸಿವೆ ಹಚ್ಚಿ ಬೇಯಿಸಿದ ಮೊಲ ಭಾನುವಾರದ ಊಟ. ಸ್ಪೇನಿನ ವಲೆನ್ಸಿಯಾದವರಿಗೆ ಮೊಲವಿಲ್ಲದ ಪಯೆಯಾ ಅನ್ನ ಅಪೂರ್ಣ. ಅಮೆರಿಕದಲ್ಲಿ 2014ರಲ್ಲಿ ‘ಹೋಲ್ ಫುಡ್ಸ್’ ಮಳಿಗೆಗಳು ಮೊಲದ ಮಾಂಸ ಇಟ್ಟಾಗ ಮೊಲ ಸಾಕುವವರು ಬಾಗಿಲಲ್ಲಿ ನಿಂತು ಪ್ರತಿಭಟಿಸಿದರು. ಮರುವರ್ಷ ಮಾರಾಟ ನಿಂತಿತು. ಕೋಳಿಯ ಪರವಾಗಿ ಅಲ್ಲಿ ಯಾರೂ ನಿಂತಿರಲಿಲ್ಲ.

ಧರ್ಮಗಳಿಗೂ ಮೊಲ ಕಗ್ಗಂಟೇ. ಯೆಹೂದ್ಯರಿಗೆ ನಿಷಿದ್ಧ. ಮುಸ್ಲಿಮರಲ್ಲಿ ಸುನ್ನಿಗಳು ತಿನ್ನಬಹುದು, ಶಿಯಾಗಳು ತಿನ್ನುವಂತಿಲ್ಲ. ನಮ್ಮಲ್ಲಿ ವಾಲ್ಮೀಕಿ ರಾಮಾಯಣದ ವಾಲಿ ಬಾಣ ತಾಗಿ ಬಿದ್ದಲ್ಲಿಂದಲೇ ರಾಮನ ಮೇಲೆ ವಾದ ಹೂಡುತ್ತಾನೆ. ಐದುಗುರಿನ ಪ್ರಾಣಿಗಳಲ್ಲಿ ತಿನ್ನಲು ಯೋಗ್ಯವಾದವು ಐದೇ. ಮುಳ್ಳುಹಂದಿ, ಉಡ, ಆಮೆಗಳ ಜೊತೆ ಮೊಲವೂ ಆ ಪಟ್ಟಿಯಲ್ಲಿದೆ, ಕೋತಿ ಇಲ್ಲ. ತಿನ್ನಲಾಗದ ನನ್ನನ್ನು ಯಾಕೆ ಕೊಂದೆ ಎಂದು ಕೇಳುತ್ತಾನೆ. ಪತಂಜಲಿಯ ಮಹಾಭಾಷ್ಯದಲ್ಲೂ ಈ ಐದರ ನಿಯಮ ಉದಾಹರಣೆಯಾಗಿ ಬರುತ್ತದೆ. ಅಂದರೆ ಮೊಲ ತಿನ್ನುವುದು ಶಾಸ್ತ್ರದ ಪ್ರಕಾರವೇ ಸರಿ. ಅಳಿಲು ಆ ಪಟ್ಟಿಯಲ್ಲಿಲ್ಲ, ಅದಕ್ಕೆ ಬೇರೆ ರಕ್ಷಣೆ ಸಿಕ್ಕಿತು. ಸೇತುವೆಗೆ ಮರಳು ಹೊತ್ತ ಅಳಿಲಿನ ಬೆನ್ನನ್ನು ರಾಮ ಸವರಿದ ಕತೆ ವಾಲ್ಮೀಕಿಯಲ್ಲಿ ಇಲ್ಲ, ಜನಪದರ ಬಾಯಲ್ಲಿದೆ. ಬಾಯಲ್ಲಿದ್ದುದೇ ಹೆಚ್ಚು ಬಲವಾದದ್ದು. ಬೆನ್ನ ಮೇಲೆ ಮೂರು ಗೆರೆ ಹೊತ್ತ ನಮ್ಮ ಅಂಗಳದ ಅಳಿಲಿಗೆ ಕಲ್ಲು ಬೀರಿದ ಹುಡುಗನಿಗೆ ಇಂದಿಗೂ ಅಜ್ಜಿಯಿಂದ ಬೈಗುಳ ತಪ್ಪುವುದಿಲ್ಲ.

ಕರ್ನಾಟಕದ ಹಳೆಯ ಅಡುಗೆಯ ಕಡತ ತೆರೆದರೆ ಸಂಕೋಚವೇ ಕಾಣುವುದಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೆ ಒಂದು ಭಾಗ, ಭೋಜನಕ್ಕೆ ಒಂದು ಭಾಗ ಇದೆ. ಹಂದಿ, ಆಮೆ ಮಾತ್ರವಲ್ಲ, ಹೊಲದ ಇಲಿಯನ್ನು ಸುಡುವ ಕ್ರಮವನ್ನೂ ಅರಸು ವಿವರಿಸುತ್ತಾನೆ. ರಾಜ ತಿಂದರೆ ಅದು ರಾಜಭೋಗ, ಹೊಲದ ಬದುವಿನಲ್ಲಿ ಇಲಿ ಸುಟ್ಟು ತಿನ್ನುವ ಕೂಲಿಯವನನ್ನು ನಾವು ಕರೆಯುವ ಹೆಸರು ಬೇರೆ. ವಿಜಯನಗರ ಹುಟ್ಟಿದ ಐತಿಹ್ಯವೂ ಮೊಲದ ಬೇಟೆಯಿಂದಲೇ ಶುರುವಾಗುತ್ತದೆ. ಅಟ್ಟಿಸಿಕೊಂಡು ಹೋದ ನಾಯಿಗಳ ಮೇಲೆ ಮೊಲ ತಿರುಗಿಬಿದ್ದ ಜಾಗದಲ್ಲಿ ರಾಜಧಾನಿ ಕಟ್ಟಿದರಂತೆ. ಆ ನಾಯಿಗಳು ಗೆದ್ದಿದ್ದರೆ ಮೊಲ ಎಲ್ಲಿಗೆ ಹೋಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ದಿನವೂ ಆಡುವ ಭಾಷೆ ನಮ್ಮದು. ಮೊಲ ಹಿಡಿಯುವುದು ಊರಿನ ಮಾಮೂಲಿ ಕೆಲಸವಾಗಿದ್ದ ಕಾಲದ ಗಾದೆ ಅದು.

ಆ ಕಾಲ ಕಾನೂನಿನ ಪ್ರಕಾರ ಮುಗಿದದ್ದು ಇತ್ತೀಚೆಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಾದರೂ, ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡುವ ಅವಕಾಶ ಅದರಲ್ಲಿ ಇನ್ನೂ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಹಿಂದೆ ಬೇಟೆಯ ಕಾಲ ಅಲ್ಲಿಂದ ಶುರುವಾಗುತ್ತಿತ್ತು. ಈಗ ಪೂಜೆಯಾದ ಕೋವಿಯಿಂದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ಆಡುತ್ತಾರೆ. ಕಡಂಬಿಟ್ಟಿನ ಜೊತೆಗಿನ ಪಂದಿಕರಿಗೆ ಕಾಚಂಪುಳಿ ಹಳೆಯದೇ, ಹಂದಿ ಮಾತ್ರ ಸಾಕಿದ್ದು. ಹಬ್ಬ ಉಳಿಯಿತು, ರುಚಿಯೂ ಉಳಿಯಿತು. ಕಾನೂನಿಗೆ ಹೊಂದಿಕೊಳ್ಳುವ ಅನುಕೂಲ ಇದ್ದವರು ಹೀಗೆ ಹೊಂದಿಕೊಂಡರು.

ಅನುಕೂಲ ಇಲ್ಲದವರ ಪಾಡು ಬೇರೆ. ಬಲೆ ಹಾಕಿ ಹಕ್ಕಿ, ಮೊಲ ಹಿಡಿದು ಬದುಕುತ್ತಿದ್ದ ಹಕ್ಕಿಪಿಕ್ಕಿ ಸಮುದಾಯಕ್ಕೆ ಈ ಕಾಯ್ದೆ ಎಂದರೆ ಬೆಳಗಾಗುವುದರಲ್ಲಿ ಕುಲಕಸುಬೇ ಅಪರಾಧವಾದಂತೆ. ಹುಣಸೂರಿನ ಪಕ್ಷಿರಾಜಪುರದಂಥ ಕಾಲೊನಿಗಳಲ್ಲಿ ನೆಲೆ ನಿಂತ ಅವರು ಗಿಡಮೂಲಿಕೆಯ ಕೂದಲೆಣ್ಣೆ ಕಾಯಿಸಿ ಮಾರುವುದನ್ನು ರೂಢಿಸಿಕೊಂಡರು. ಎಣ್ಣೆಯ ಬಾಟಲಿ ಹಿಡಿದು ಆಫ್ರಿಕದ ದೇಶಗಳಿಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಸಿಡಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡ ನಾಡಿನವರು ಯಾರು ಎಂದು ವಿಚಾರಿಸಿದರೆ ಇವರೇ. ಶಿಕಾರಿಯ ಕತೆಗಳನ್ನು ಬಾಯಿ ಚಪ್ಪರಿಸಿ ಓದುವ ನಮಗೆ ಬೇಟೆಯನ್ನೇ ನಂಬಿದ್ದವರು ಎಲ್ಲಿಗೆ ಹೋದರು ಎಂದು ಆವರೆಗೆ ಗೊತ್ತಿರಲಿಲ್ಲ.

ಊರಿನ ಬೇಟೆ ಪೂರ್ತಿ ನಿಂತಿದೆ ಎಂದೇನೂ ಅಲ್ಲ. 2025ರ ಯುಗಾದಿ ವೇಳೆ ರಾಯಚೂರು ಜಿಲ್ಲೆಯಲ್ಲಿ ಬೇಟೆಯಾಡಿದ ಮೊಲಗಳನ್ನು ಹಿಡಿದು ಮೆರವಣಿಗೆ ಮಾಡಿದ ವಿಡಿಯೊ ಹರಿದಾಡಿ ಅರಣ್ಯ ಇಲಾಖೆ ಪ್ರಕರಣ ದಾಖಲಿಸಬೇಕಾಯಿತು. ಅದಕ್ಕೆ ಎದುರಾಗಿ ಚಿತ್ರದುರ್ಗ ಜಿಲ್ಲೆಯಲ್ಲಿ ಸಂಕ್ರಾಂತಿಗೆ ಬಲೆ ಹಾಕಿ ಮೊಲ ಹಿಡಿದು, ದೇವರ ಮುಂದೆ ಪೂಜಿಸಿ, ಜೀವಂತ ಕಾಡಿಗೆ ಬಿಡುವ ರೂಢಿಯೂ ಇದೆ.

ಅಮೆರಿಕದಲ್ಲಿ ಬೇಟೆಗೆ ಬಿಟ್ಟಂತೆ ನಮ್ಮಲ್ಲೂ ಯಾಕೆ ಬಿಡಬಾರದು ಎಂದು ಕೇಳುವವರಿದ್ದಾರೆ. ಅಲ್ಲಿನ ಪದ್ಧತಿ ಏನೆಂದು ಸರಿಯಾಗಿ ತಿಳಿದರೆ ಆ ಪ್ರಶ್ನೆ ಅಷ್ಟು ಸಲೀಸಾಗಿ ಬರುವುದಿಲ್ಲ. ಅಲ್ಲಿ ಲೈಸೆನ್ಸ್ ಪಡೆದು, ಋತು ಮತ್ತು ದಿನದ ಮಿತಿ ಪಾಲಿಸಿ ಅಳಿಲನ್ನೋ ಮೊಲವನ್ನೋ ಹೊಡೆದು ತಿನ್ನಬಹುದು. ಆದರೆ ಬಹುತೇಕ ರಾಜ್ಯಗಳಲ್ಲಿ ಅದನ್ನು ಮಾರುವಂತಿಲ್ಲ. ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳಗಳನ್ನು ಹೊಡೆದು ಪೀಪಾಯಿಗೆ ತುಂಬಿ ರೈಲಿನಲ್ಲಿ ನಗರಗಳಿಗೆ ಸಾಗಿಸಿದರು. ಕೊನೆಯ ಹಕ್ಕಿ ಮಾರ್ಥಾ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಕಾನೂನು ಮೀರಿ ಕೊಂದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯುವ ಲೇಸಿ ಕಾಯ್ದೆ 1900ರಲ್ಲೇ ಬಂದಿತ್ತು, ಪಾರಿವಾಳಕ್ಕೆ ತಡವಾಗಿತ್ತು. 1937ರ ಇನ್ನೊಂದು ಕಾಯ್ದೆಯಿಂದ ಕೋವಿ, ಮದ್ದುಗುಂಡಿನ ಮೇಲಿನ ತೆರಿಗೆ ನೇರವಾಗಿ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ, ಈಗದು ಶೇ 10–11. ಬೇಟೆಗಾರನ ದುಡ್ಡಿನಲ್ಲೇ ಕಾಡು ಉಳಿಸುವ ಈ ಲೆಕ್ಕಾಚಾರಕ್ಕೆ ವಿಸ್ತಾರ ಭೂಮಿ, ಕಡಿಮೆ ಜನ, ಪ್ರತಿವರ್ಷದ ಗಣತಿ ಮತ್ತು ಕಟ್ಟುನಿಟ್ಟಿನ ಕಾವಲು ಬೇಕು.

ನಮ್ಮಲ್ಲಿ ನಡೆಯುವ ಕಳ್ಳಬೇಟೆ ಬೇರೆ ಬಗೆಯದು. ರಾತ್ರಿ ಬೈಕಿನಲ್ಲಿ ಬಂದು ಹಣೆಗೆ ಕಟ್ಟಿದ ಬ್ಯಾಟರಿ ಬಿಟ್ಟರೆ ಮೊಲ ಬೆಳಕಿಗೆ ಕಣ್ಣು ಕುಕ್ಕಿ ನಿಂತಲ್ಲೇ ನಿಲ್ಲುತ್ತದೆ, ಹೊಡೆಯಲು ಕೋವಿಯೂ ಬೇಕಿಲ್ಲ. ತೋಟದ ಬೇಲಿಗೆ ಹಂದಿಗೆಂದು ಕಟ್ಟುವ ತಂತಿಯ ಉರುಳು ಇದಕ್ಕಿಂತ ಕೇಡು. ಉರುಳಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ. ಹಂದಿಗೆ ಕಟ್ಟಿದ್ದರಲ್ಲಿ ಚಿರತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಯುತ್ತದೆ, ಕರಡಿ ಸಾಯುತ್ತದೆ. ಬೇಟೆಯ ಬಾಗಿಲು ಮತ್ತೆ ತೆರೆಯುವುದು ಬೇಡ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಕೇರಳದಲ್ಲಿ ನಡೆಯುತ್ತಿರುವುದು ನೋಡಿದರೆ ಬೇರೊಂದು ತೊಡಕೂ ಕಾಣುತ್ತದೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಹೊಡೆಸುವ ಅಧಿಕಾರವನ್ನು ಅಲ್ಲಿ 2022ರಲ್ಲಿ ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟರು. ಹೊಡೆದ ಹಂದಿಯನ್ನು ಮಾತ್ರ ತಿನ್ನುವಂತಿಲ್ಲ, ಹೂಳಬೇಕು. ಬೆಳೆ ಕಳೆದುಕೊಂಡ ರೈತ ಕ್ವಿಂಟಲ್ ತೂಗುವ ಮಾಂಸಕ್ಕೆ ಗುಂಡಿ ತೋಡುತ್ತ ನಿಲ್ಲುವುದು ವಿಚಿತ್ರವೇ. ಆದರೂ ಆ ಮಾಂಸಕ್ಕೆ ಬೆಲೆ ಬಂದ ದಿನ ಬೆಳೆಗೆ ಬರದ ಹಂದಿಯನ್ನೂ ಹೊಡೆದು ಬೆಳೆಗೆ ಬಂದಿತ್ತು ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಪಾರಿವಾಳಗಳ ಪೀಪಾಯಿ ನೆನಪಾದರೆ ಗುಂಡಿ ತೋಡಿಸುವ ನಿಯಮ ಅಷ್ಟು ಮೂರ್ಖತನ ಅನ್ನಿಸುವುದಿಲ್ಲ.

ಹೆದ್ದಾರಿಯ ಹೋಟೆಲಿನ ಬೋರ್ಡಿನಲ್ಲಿ ‘ಮೊಲದ ಫ್ರೈ’ ಎಂದು ಕಂಡರೆ ತಿನ್ನಬಹುದೇ ಎಂದು ಕೇಳುವವರಿಗೆ ಉತ್ತರ ಇಷ್ಟು. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾದಂಥ ತಳಿಗಳನ್ನು ಸಾಕಿ ಮಾರುವುದು ಅಪರಾಧವಲ್ಲ. ಅವು ಯುರೋಪಿನಿಂದ ಬಂದ, ಬಿಲ ತೋಡುವ ಮೊಲದ ಸಂತತಿ, ಮಾಂಸ ಕೋಳಿಯಂತೆ ಬೆಳ್ಳಗಿರುತ್ತದೆ. ನಮ್ಮ ಕುರುಚಲು ಕಾಡಿನ ಮೊಲ ಬೇರೆಯೇ ಜಾತಿ. ಬಿಲ ತೋಡುವುದಿಲ್ಲ, ಹುಲ್ಲಿನ ಪೊದೆಯಲ್ಲೇ ಕಣ್ಣು ಬಿಟ್ಟ ಮರಿ ಹಾಕುತ್ತದೆ, ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುತ್ತದೆ, ಮಾಂಸ ಕಡುಗೆಂಪು. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮಸಾಲೆ ಅರೆದು ಹಾಕಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯವೂ ಬೇಡ. ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿಯ ಪ್ರಯೋಗಾಲಯಕ್ಕೆ ಸಾರಿನ ಒಂದು ತುಂಡು ಕಳಿಸಿದರೆ ಡಿಎನ್‌ಎ ನೋಡಿ ಯಾವ ಪ್ರಾಣಿ ಎಂದು ಬರೆದು ಕಳಿಸುತ್ತಾರೆ.